ಯಂತ್ರದ ಆಯುಸ್ಸೂ ಬರಹದ ಆಯುಸ್ಸೂ

ಮನೆಬಳಕೆಯ ಯಂತ್ರಗಳನ್ನು ಕುರಿತು ನಾವು ಈ ಅಂಕಣದಲ್ಲಿ ತಿಂಗಳು ತಿಂಗಳೂ ಬರೆಯುತ್ತಿರುವುದು ವಾಚಕರಿಗೆ ತಿಳಿದೇ ಇದೆಯಷ್ಟೆ. ನಮ್ಮ ಕಸುಬು ಗಣಕಯಂತ್ರಗಳ, ಎಂದರೆ ಕಂಪ್ಯೂಟರುಗಳ, ದುರಸ್ತಿ. ಯಾವ ಸಂಸ್ಥೆಯ ಸಂಬಳಕ್ಕೂ ಸೇರದೆ, ಬೆಂಗಳೂರಿನ ಸಣ್ಣ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಗುತ್ತಿಗೆಯ ಮೇಲೆ ಈ ಕೆಲಸವನ್ನು ಮಾಡಿಕೊಂಡು ಬಂದಿದ್ದೇವೆ. “ದಿನವೆಲ್ಲ ನೀವು ಮಾಡುವುದಾದರೂ ಏನು? ಅದರಲ್ಲಿ ಗೃಹಸ್ಥರು ತಾವೇ ಮಾಡಿಕೊಳ್ಳಬಹುದಾದುದೆಷ್ಟು? ಕೆಲಸ ಮುಗಿದ ಮೇಲೂ ಯಂತ್ರದ ಮುಖವನ್ನು ನೋಡಲು ನಿಮಗೆ ಬೇಸರವಾಗುವುದಿಲ್ಲವೆ?” ಎಂದು ವಾಚಕರೊಬ್ಬರು ಕೇಳಿ ಬರೆದಿದ್ದಾರೆ. ಈ ಮೂರು ಪ್ರಶ್ನೆಗಳಿಗೂ ಉತ್ತರ ಹೇಳಹೊರಟರೆ ಕೊನೆಗೆ ಒಂದೇ ವಿಷಯಕ್ಕೆ ಬಂದು ನಿಲ್ಲುವೆವಾದುದರಿಂದ, ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲನೆಯದಾಗಿ ಹೇಳತಕ್ಕುದೇನೆಂದರೆ, ನಾವು ಕಾಣುವ ದೋಷಗಳಲ್ಲಿ ಹೆಚ್ಚಿನವು ತೀರ ಸಾಮಾನ್ಯವಾದವು. ಯಂತ್ರವು ಮಂದವಾಯಿತೆಂದು ಕರೆ ಬಂದಾಗ ನಾವು ಮಾಡಿಸುವ ಮೊದಲನೆಯ ಚಿಕಿತ್ಸೆ ಅದನ್ನು ಹೊಸದಾಗಿ ಆರಂಭಿಸುವುದು. ಇದನ್ನು ಕೇಳಿ ನಗುವವರುಂಟು. ಆದರೆ ಇದಕ್ಕೆ ಕಾರಣವಿದೆ. ದಿನಗಟ್ಟಲೆ ನಡೆಯುತ್ತಿರುವ ಯಂತ್ರದಲ್ಲಿ ಒಂದೊಂದು ಕಾರ್ಯಕ್ರಮವೂ ನೆನಪಿನ ಕೋಣೆಯ ಒಂದೊಂದು ಭಾಗವನ್ನು ಹಿಡಿದುಕೊಳ್ಳುವುದು; ಕೆಲವು ಕೆಲಸ ಮುಗಿದರೂ ಬಿಟ್ಟುಕೊಡವು. ಹೊಸದಾಗಿ ಆರಂಭಿಸಿದರೆ ಕೋಣೆಯನ್ನೆಲ್ಲ ಗುಡಿಸಿದಂತಾಗುವುದು. “ನಾವು ಪ್ರತಿರಾತ್ರಿಯೂ ಆರಿಸಿಯೇ ಮಲಗುತ್ತೇವೆ” ಎಂದು ಕೆಲವರು ಆಕ್ಷೇಪಿಸುವರು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದೀಚೆಗೆ, ಬೆಳಗ್ಗೆ ಬೇಗ ಎಚ್ಚರಗೊಳ್ಳಲೆಂದು ಅನೇಕ ಯಂತ್ರಗಳು ಆರುವ ಮುನ್ನ ತಮ್ಮ ಒಳಸ್ಥಿತಿಯ ಒಂದು ಭಾಗವನ್ನು ಬರೆದಿಟ್ಟುಕೊಂಡು ಆರುವುವು. ಆದ್ದರಿಂದ ಆರಿಸುವುದಕ್ಕಿಂತ ‘ರೀಸ್ಟಾರ್ಟ್’ ಎಂಬ ಗುಂಡಿಯನ್ನು ಒತ್ತುವುದೇ ಪೂರ್ಣವಾದ ಶುದ್ಧಿಯೆಂದು ತಿಳಿಯಬೇಕು.

ಎರಡನೆಯ ದೋಷ ಧೂಳು. ಮೇಜಿನ ಕೆಳಗೆ ನೆಲದ ಮೇಲಿಟ್ಟ ಪೆಟ್ಟಿಗೆಯ ಬೀಸಣಿಗೆಯಲ್ಲಿ ಎರಡು ಮೂರು ವರ್ಷಗಳಲ್ಲಿ ಹತ್ತಿಯಂತೆ ಧೂಳು ಕಟ್ಟಿಕೊಂಡು ಗಾಳಿಯಾಡದೆ, ಯಂತ್ರವು ಕಾದು, ತನ್ನನ್ನು ಕಾಪಾಡಿಕೊಳ್ಳಲೆಂದು ತಾನೇ ವೇಗವನ್ನು ತಗ್ಗಿಸುವುದು. ವಿದ್ಯುತ್ತಿನ ತಂತಿಯನ್ನು ಕಳಚಿ, ಮೃದುವಾದ ಕುಂಚದಿಂದ ಒರಸಿದರೆ ಸಾಕು. ಮೂರನೆಯದು, ಗುಂಡಿಯನ್ನು ಒತ್ತಿದರೆ ಪರದೆ ಬೆಳಗದೆ ಬರಿಯ ಕೂಗು ಹೊರಡುವ ರೋಗ. ನೆನಪಿನ ಪಟ್ಟಿಯನ್ನು ಕಳಚಿ, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಊದಿ, ಭದ್ರವಾಗಿ ಕೂರಿಸಿದರೆ ಅನೇಕ ವೇಳೆ ಯಂತ್ರವು ಎದ್ದು ಕುಳಿತುಕೊಳ್ಳುವುದು.

ನಾಲ್ಕನೆಯದು ಸ್ವಲ್ಪ ವಿಚಿತ್ರವಾದುದು. ಯಂತ್ರವು ಸರಿಯಾಗಿಯೇ ನಡೆಯುವುದು. ಆದರೆ ಬ್ಯಾಂಕಿನ ಪುಟವನ್ನಾಗಲಿ ಅಂಚೆಯ ಪುಟವನ್ನಾಗಲಿ ತೆರೆಯಹೋದರೆ ‘ಇದು ಸುರಕ್ಷಿತವಲ್ಲ’ ಎಂದು ತಡೆಯುವುದು. ಮನೆಯವರು ಕಳ್ಳರು ಹೊಕ್ಕರೆಂದೇ ಹೆದರುವರು. ನಾವು ಹೋದೊಡನೆ ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡುವೆವು. ಅದು ಹಲವು ವರ್ಷ ಹಿಂದಕ್ಕೆ ಹೋಗಿರುವುದು. ಜಾಲದ ಪ್ರತಿಯೊಂದು ನಂಬಿಕೆಯ ಪುಟಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿಯುಳ್ಳ ಒಂದು ಪ್ರಮಾಣಪತ್ರವಿರುವುದು. ಯಂತ್ರದ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲವಾದುದರಿಂದ ಅದು ನಂಬಲೊಲ್ಲದು. ಇಷ್ಟಕ್ಕೆಲ್ಲ ಕಾರಣ, ಯಂತ್ರವು ಆರಿದ್ದಾಗಲೂ ಗಡಿಯಾರವನ್ನು ನಡೆಸತಕ್ಕ, ೨೦ ಮಿಲಿಮೀಟರ್ ಅಗಲದ, ೩ ವೋಲ್ಟಿನ ಒಂದು ಬಿಲ್ಲೆಯ ಬ್ಯಾಟರಿ. ಅದರ ಹೆಸರು ಸಿಆರ್ ೨೦೩೨. ಅಲ್ಪ ಬೆಲೆಯ ಹೊಸ ಬಿಲ್ಲೆಯನ್ನು ಹಾಕಿ ತಾರೀಖನ್ನು ತಿದ್ದಿದರೆ ರೋಗ ಪರಿಹಾರ. ಆದರೆ ತೆಗೆದ ಬಿಲ್ಲೆಯನ್ನು ಮಕ್ಕಳ ಕೈಗೆ ಎಟುಕುವಲ್ಲಿ ಎಂದಿಗೂ ಇಡಕೂಡದು. ಅದನ್ನು ನುಂಗಿದ ಮಗುವಿನ ಅನ್ನನಾಳವು ಎರಡು ಗಂಟೆಗಳೊಳಗಾಗಿಯೇ ಸುಡಬಹುದು. ನುಂಗಿರಬಹುದೆಂಬ ಸಂದೇಹ ಬಂದರೂ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಇವೆಲ್ಲ ಯಂತ್ರದ ರೋಗಗಳು. ಇವು ವಾಸಿಯಾಗದಿದ್ದರೂ ಹಣ ಕೊಟ್ಟರೆ ಇನ್ನೊಂದು ಯಂತ್ರ ದೊರೆಯುವುದು. ಆದರೆ ಯಂತ್ರದ ಒಳಗೆ ಮನೆಯವರು ಇರಿಸಿರುವ ಬರಹ, ಲೆಕ್ಕ, ಭಾವಚಿತ್ರಗಳಿಗೆ ಬಂದ ರೋಗವು ಬೇರೆಯ ಜಾತಿಯದು. ಅವು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕೆ ಬಾರವು.

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ ೫,೪೦೦ ಇಲ್ಲವೆ ೭,೨೦೦ ಸಲ ತಿರುಗುವುವು. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದಲ್ಲಿ ಸಾವಿರದ ಒಂದು ಪಾಲಿಗಿಂತಲೂ ಕಡಿಮೆಯಾದ ಎತ್ತರದಲ್ಲಿ ತೇಲುತ್ತಿರುವುದು. ಆ ತಟ್ಟೆಯಿಂದ ‘ಟಿಕ್ ಟಿಕ್’ ಎಂಬ ಶಬ್ದ ಕೇಳಿಬಂದರೆ ಕೂಡಲೆ ಯಂತ್ರವನ್ನು ಆರಿಸಿಬಿಡಬೇಕು. ಇನ್ನೊಮ್ಮೆ ನೋಡೋಣ, ಮತ್ತೊಮ್ಮೆ ನೋಡೋಣ ಎಂದು ಪ್ರಯತ್ನಿಸಿದಷ್ಟೂ ಮುಳ್ಳು ತಟ್ಟೆಯನ್ನು ಗೀರುತ್ತ ಹೋಗುವುದು. ಈಚಿನ ಘನಸ್ಥಿತಿಯ ಡಿಸ್ಕುಗಳಲ್ಲಿ ತಿರುಗುವ ಭಾಗವಿಲ್ಲ, ವೇಗವೂ ಹೆಚ್ಚು. ಆದರೆ ಅವು ಸಾಯುವಾಗ ಸದ್ದು ಮಾಡವು. ಪೆನ್ ಡ್ರೈವ್ ಎಂಬುದು ಬರಹವನ್ನು ಸಾಗಿಸುವುದಕ್ಕೆ ಯೋಗ್ಯವಲ್ಲದೆ ಬಹುಕಾಲ ಕೂಡಿಡುವುದಕ್ಕೆ ಯೋಗ್ಯವಲ್ಲ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರಲ್ಲಿರುವ ವಿದ್ಯುದಂಶವು ಸೋರಿ ಬರಹವು ಅಳಿಸಿಹೋಗಬಹುದು.

ಇನ್ನು, ಡಿಸ್ಕು ಸ್ವಸ್ಥವಾಗಿದ್ದರೂ ಬರಹವು ಓದಲು ಬಾರದೆ ಹೋಗುವುದುಂಟು. ಇದು ವಿಶೇಷವಾಗಿ ನಮ್ಮ ಕನ್ನಡದ ಮನೆಗಳ ಕಷ್ಟ. ಕೆಲವು ವರ್ಷಗಳ ಹಿಂದೆ ವೃದ್ಧೆಯೊಬ್ಬರು ನಮ್ಮನ್ನು ಕರೆಯಿಸಿದರು. ಅವರ ಯಜಮಾನರು ಉಪಾಧ್ಯಾಯರಾಗಿದ್ದವರು; ವಿಶ್ರಾಂತಿಯ ಕಾಲದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಸುಮಾರು ೧೮೦ ಪುಟಗಳಷ್ಟು ತಮ್ಮ ಊರಿನ ವೃತ್ತಾಂತವನ್ನು ಬರೆದಿಟ್ಟು ತೀರಿಕೊಂಡಿದ್ದರು. ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋಯಿತು, ಅವರ ತಾಯಿ ಬೀಸುವಾಗ ಹೇಳುತ್ತಿದ್ದ ಪದಗಳು ಯಾವುವು ಎಂಬುದೆಲ್ಲ ಅದರಲ್ಲಿತ್ತಂತೆ. ಮಗನು ಹೊಸ ಯಂತ್ರವನ್ನು ತಂದು ಆ ಕಡತವನ್ನು ತೆರೆದರೆ ಒಂದಾದರೂ ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಪರದೇಶದ ಅಕ್ಷರಗಳು, ನಡುನಡುವೆ ಪೌಂಡ್ ನಾಣ್ಯದ ಗುರುತು! ನೋಡಿದವರೆಲ್ಲ “ಕೆಟ್ಟುಹೋಗಿದೆ, ಅಳಿಸಿಬಿಡಿ” ಎಂದಿದ್ದರು. ಆಕೆ ಮಾತ್ರ ಅಳಿಸಗೊಡದೆ ನಮಗಾಗಿ ಕಾದಿದ್ದರು.

ಕಡತ ಕೆಟ್ಟಿರಲಿಲ್ಲ. ಅದರ ಕಾರಣವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಸಂಖ್ಯೆ ಮಾತ್ರ ತಿಳಿಯುವುದು. ೧೯೬೩ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ಆಸ್ಕಿ ಎಂಬ ಪಟ್ಟಿಯಲ್ಲಿ ೧೨೮ ಸ್ಥಾನಗಳಿದ್ದು, ಅವೆಲ್ಲವೂ ಇಂಗ್ಲಿಷಿನ ಅಗತ್ಯಗಳಿಗೇ ಸಂದುವು. ಮುಂದೆ ೨೫೬ ಸ್ಥಾನಗಳಾದಾಗ ಯೂರೋಪಿನ ಇತರ ಭಾಷೆಗಳ ಅಕ್ಷರಗಳು ಕುಳಿತುವು. ಕನ್ನಡಕ್ಕೆ ಜಾಗವಿಲ್ಲವಾದುದರಿಂದ, ನಮ್ಮವರು ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಆ ಪರಭಾಷೆಯ ಅಕ್ಷರಗಳ ಸ್ಥಾನಗಳಲ್ಲಿಯೇ ಕೂರಿಸಿ ಅಚ್ಚುಮೊಳೆಗಳನ್ನು, ಎಂದರೆ ಫಾಂಟುಗಳನ್ನು, ರಚಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಸಾವಿರಾರು ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಕನ್ನಡ ಬರವಣಿಗೆ ನಡೆಯಿತು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವು ಅದನ್ನು ಸುಲಭವಾಗಿಸಿತು. ಆ ಉಪಕಾರ ಸಣ್ಣದಲ್ಲ. ಆದರೆ ಅಂಥ ಬರಹವು ಕನ್ನಡವಾಗಿ ಕಾಣುವುದು ಅದೇ ಫಾಂಟು ಜೊತೆಗಿದ್ದರೆ ಮಾತ್ರ. ಅದಿಲ್ಲದೆಡೆ ಸ್ಥಾನದ ಮೂಲ ಯಜಮಾನನೇ ಮುಖ ತೋರಿಸುವನು.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ವ್ಯವಸ್ಥೆಯು ಲೋಕದ ಲಿಪಿಗಳಿಗೆಲ್ಲ ಬೇರೆಬೇರೆ ಸ್ಥಾನಗಳನ್ನು ಕೊಡತೊಡಗಿತು. ಅದರಲ್ಲಿ ೩೨೦೦ರಿಂದ ೩೩೨೭ರವರೆಗಿನ ೧೨೮ ಮನೆಗಳು ಕನ್ನಡದ ಸ್ವಂತ ಆಸ್ತಿ. ‘ಕ’ ಎಂಬುದರ ಮನೆ ೩೨೨೧. ಹೀಗೆ ಬರೆದುದು ಕನ್ನಡ ಬಲ್ಲ ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುವುದು.

ಆ ತಾಯಿಯ ಮನೆಯ ಅಟ್ಟದಲ್ಲಿದ್ದ ಹಳೆಯ ಯಂತ್ರದಿಂದ ಬೇಕಾದ ಫಾಂಟನ್ನು ಹುಡುಕಿ ತೆಗೆದು, ಪರಿವರ್ತಕವೆಂಬ ಉಪಕರಣದಿಂದ ಕಡತವನ್ನು ಯೂನಿಕೋಡಿಗೆ ತಿರುಗಿಸಿದೆವು. ಪರಿವರ್ತಕವು ಹೆಚ್ಚಿನದನ್ನು ಸರಿಯಾಗಿಯೇ ಮಾಡುವುದು; ಆದರೆ ಅರ್ಕಾವೊತ್ತಿನಲ್ಲಿ ಕೆಲವೆಡೆ ಎಡವುವುದು. ಏಕೆಂದರೆ ಹಳೆಯ ಕ್ರಮದಲ್ಲಿ ಅದನ್ನು ಅಕ್ಷರದ ಅನಂತರ ಕೂರಿಸುತ್ತಿದ್ದರು. ಹೊಸ ಕ್ರಮದಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಮುದ್ರಿಸಿದ ಮೊದಲನೆಯ ಹಾಳೆಯನ್ನು ಆಕೆ ಕನ್ನಡಕವೇರಿಸಿಕೊಂಡು ಓದಿ, ಒಂದು ಶಬ್ದದ ಮೇಲೆ ಬೆರಳಿಟ್ಟು, “ಇದು ಅವರ ತಪ್ಪಲ್ಲ; ಅವರು ಒತ್ತು ತಪ್ಪುವವರಲ್ಲ” ಎಂದರು. ಮುಂದಿನ ನಾಲ್ಕು ಸಂಜೆಗಳಲ್ಲಿ ಆಕೆ ಗುರುತು ಹಾಕಿದಂತೆ ನಾವು ತಿದ್ದಿದೆವು. ೧೮೦ ಪುಟಗಳೂ ಉಳಿದುವು.

ವಾಚಕರ ಮೂರನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಕೆಲಸವಿಲ್ಲದ ರಾತ್ರಿಗಳಲ್ಲಿಯೂ ಭಾನುವಾರಗಳಲ್ಲಿಯೂ ನಮ್ಮ ವಿನೋದವು ಕನ್ನಡ ವಿಕಿಸೋರ್ಸ್ ಎಂಬ ಸಾರ್ವಜನಿಕ ಗ್ರಂಥಭಂಡಾರಕ್ಕಾಗಿ ಹಳೆಯ ಪುಸ್ತಕಗಳ ಕರಡನ್ನು ತಿದ್ದುವುದು. ಪರದೆಯ ಒಂದು ಪಕ್ಕದಲ್ಲಿ ಹಳೆಯ ಪುಟದ ಚಿತ್ರವಿರುವುದು. ಇನ್ನೊಂದು ಪಕ್ಕದಲ್ಲಿ ಯಂತ್ರವು ಓದಿ ಬರೆದ ಪಾಠ. ದ, ಧ, ಥಗಳನ್ನು ಬೇರ್ಪಡಿಸತಕ್ಕುದು ಒಂದು ಗೀಟು ಇಲ್ಲವೆ ಚುಕ್ಕೆ ಮಾತ್ರವಷ್ಟೆ. ಮಾಸಿದ ಕಾಗದದಲ್ಲಿ ಯಂತ್ರವು ಅದನ್ನು ತಪ್ಪಿ ಓದುವುದು, ಮನುಷ್ಯನ ಕಣ್ಣು ತಿದ್ದಬೇಕು. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಬಣ್ಣ. ಎರಡನೆಯವರೊಬ್ಬರು ಮತ್ತೆ ಓದಿ ಒಪ್ಪಿದ ಮೇಲೆಯೇ ಹಸುರು. ನಮ್ಮ ದೇಶದ ಕಾಯಿದೆಯ ಪ್ರಕಾರ ಗ್ರಂಥಕರ್ತರು ತೀರಿಕೊಂಡ ಮರುವರ್ಷದಿಂದ ೬೦ ವರ್ಷ ಕಳೆದರೆ ಅವರು ಪ್ರಕಟಿಸಿದ ಕೃತಿಗಳು ಸರ್ವರ ಸ್ವತ್ತಾಗುವುವು. ೧೯೬೩ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಅಂಥ ಕೃತಿಗಳು ೨೦೨೪ರ ಮೊದಲ ದಿನದಿಂದ ಹಾಗಾದುವು. ಒಂದು ರಾತ್ರಿಗೆ ನಾಲ್ಕೈದು ಪುಟ ಮುಗಿದರೆ ನಮಗೆ ಪರಮ ತೃಪ್ತಿ. ಬೇಸರವೆಲ್ಲಿಯದು?

ಈ ಉದ್ಯೋಗವೇನೂ ಹೊಸದಲ್ಲ. ತಾಳೆಗರಿಗಳನ್ನು ನಕಲು ಮಾಡುತ್ತಿದ್ದ ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಬೆನ್ನು ಕೊರಳುಗಳ ನೋವನ್ನು ಹೇಳಿಕೊಂಡು, ಇದನ್ನು ಜೋಪಾನವಾಗಿ ಕಾಪಾಡಿರೆಂದು ಬೇಡಿಕೊಳ್ಳುತ್ತಿದ್ದುದುಂಟು. ಒಂದೇ ಪ್ರತಿಯಿದ್ದರೆ ಗೆದ್ದಲಿಗೋ ಬೆಂಕಿಗೋ ಆಹುತಿಯೆಂಬುದನ್ನು ಅವರು ಬಲ್ಲವರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆಯಷ್ಟೆ. ಬರಹವನ್ನು ಉಳಿಸುವ ಉಪಾಯವನ್ನು ಆಕೆಗಿಂತ ಚೆನ್ನಾಗಿ ಹೇಳಿಕೊಟ್ಟವರನ್ನು ನಾವರಿಯೆವು.

ಗೃಹಸ್ಥರಿಗೆ ಸಾವಿರ ಬೇಡ, ಮೂರು ಸಾಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಪ್ರಚುರಪಡಿಸಿದ ಸೂತ್ರವೊಂದುಂಟು: ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಮನೆಯ ಹೊರಗಿರಲಿ. ಒಂದು ದಿನಬಳಕೆಯ ಯಂತ್ರದಲ್ಲಿ, ಒಂದು ಬೀರುವಿನಲ್ಲಿಡುವ ಹೊರಡಿಸ್ಕಿನಲ್ಲಿ, ಒಂದು ಜಾಲದ ಉಗ್ರಾಣದಲ್ಲಾಗಲಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಾಗಲಿ ಇದ್ದರೆ, ಸಿಡಿಲು ಬಡಿದರೂ ಕಳ್ಳ ಬಂದರೂ ಮೂರೂ ಒಟ್ಟಿಗೆ ಹೋಗುವ ಸಂಭವ ತೀರ ಕಡಿಮೆ. ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನು, ಅವುಗಳನ್ನು ತೆರೆಯಬಲ್ಲ ಯಂತ್ರ ಜೀವದಿಂದಿರುವಾಗಲೇ ಯೂನಿಕೋಡಿಗೆ ಮಾಡಿಸಿಕೊಳ್ಳಿರಿ. ಮೂಲವನ್ನು ಮಾತ್ರ ಅಳಿಸಬೇಡಿರಿ. ಬಹು ಮುಖ್ಯವಾದುದನ್ನು ಕಾಗದದ ಮೇಲೂ ಮುದ್ರಿಸಿಡಿರಿ. ಬೀಗದ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರಗಳ ಜೊತೆಯಲ್ಲಿ ಭದ್ರವಾಗಿರಿಸಿ, ಎಲ್ಲಿದೆಯೆಂಬುದನ್ನು ಮನೆಯ ಇನ್ನೊಬ್ಬರಿಗೆ ಹೇಳಿರಿ. ಯಜಮಾನನೊಡನೆ ಬೀಗದ ಪದವೂ ಹೋಗಿ ಮಕ್ಕಳ ಭಾವಚಿತ್ರಗಳು ಕಾಣದಾದ ಮನೆಗಳನ್ನು ನಾವು ಕಂಡಿದ್ದೇವೆ.

ಇವನ್ನೆಲ್ಲ ಯಾವಾಗ ಮಾಡುವುದೆಂದು ಕೇಳುವವರಿಗೆ ನಮ್ಮದೊಂದು ಸೂಚನೆ. ಆಯುಧಪೂಜೆಯ ದಿನ ಅನೇಕ ಮನೆಗಳಲ್ಲಿ ಕಂಪ್ಯೂಟರಿಗೂ ಅರಿಸಿನ ಕುಂಕುಮಗಳು ದೊರೆಯುವುವು. ಹಿಂದಿನ ದಿನವೇ ಅದನ್ನು ಒರಸಿ, ಪ್ರತಿಗಳನ್ನು ತೆಗೆದು, ತೆಗೆದ ಪ್ರತಿಯನ್ನು ತೆರೆದು ನೋಡಿ, ಅನಂತರ ಕುಂಕುಮವಿಟ್ಟರೆ ಪೂಜೆಯೂ ಆಯಿತು, ಕೆಲಸವೂ ಆಯಿತು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬಾರದು.

ಮುಂದಿನ ತಿಂಗಳು, ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಗುರುತಿಸುವ ಬಗೆಯನ್ನೂ ಅವುಗಳ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಯನ್ನೂ ಕುರಿತು ಬರೆಯುವೆವು. ಅಷ್ಟರಲ್ಲಿ ಯಾರ ಮನೆಯಲ್ಲಾದರೂ ಓದಲಾಗದ ಕನ್ನಡ ಕಡತವಿದ್ದರೆ, ಕೆಟ್ಟಿತೆಂದು ನಿರಾಶರಾಗಿ ಅಳಿಸದಿರಬೇಕೆಂದು ವಾಚಕರಲ್ಲಿ ಪ್ರಾರ್ಥಿಸುತ್ತೇವೆ.