ಎಣ್ಣೆಯ ಜೊತೆಗೆ ನೀರೂ ಬೇಕು

ತಲೆಯ ಒಳಗಿನದನ್ನು ಬೆಳೆಸಿಕೊಳ್ಳಲೆಂದು ಸರ್ಕಾರವು ನಮ್ಮನ್ನು ಕಾಲೇಜಿಗೆ ಸೇರಿಸಿಕೊಂಡಿರುವಾಗ, ತಲೆಯ ಮೇಲಿನದರ ಬಗೆಗೆ ವಾರ್ಷಿಕ ಸಂಚಿಕೆಯ ಪುಟಗಳನ್ನು ವ್ಯಯಮಾಡುವುದು ಸರಿಯೆ ಎಂದು ಗುರುಹಿರಿಯರು ಕೇಳಬಹುದು. ಕೇಳಲಿ. ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಪರೀಕ್ಷೆಯೊಂದನ್ನು ಬಿಟ್ಟರೆ ಅತ್ಯಂತ ಹೆಚ್ಚು ಚರ್ಚೆಗೆ ಬರುವ ವಿಷಯ ಕೂದಲು ಉದುರುವುದೇ ಆಗಿದೆ. ಹುಡುಗರೂ ಈ ಚಿಂತೆಯಿಂದ ಮುಕ್ತರಲ್ಲ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಕನ್ನಡಿಗೆ ಮಾತ್ರ ಹೇಳುತ್ತಾರೆ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನನ್ನ ವಿಷಯಗಳು. ಆದರೂ ಓದಲು ಬರುವವರು ಮನೆಯಲ್ಲಿ ಒಬ್ಬರೇ ಇದ್ದರೆ, ಔಷಧದ ಚೀಟಿಯಿಂದ ಹಿಡಿದು ಎಣ್ಣೆಯ ಸೀಸೆಯ ಮೇಲಿನ ಬರಹದವರೆಗೆ ಎಲ್ಲವನ್ನೂ ಅವರೇ ಓದಿ ಹೇಳಬೇಕಾಗುತ್ತದೆ. ಹಾಗೆ ಓದಿ ತಿಳಿದದ್ದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಹಳ್ಳಿಯಿಂದ ಬಂದ ಹುಡುಗಿಯರನ್ನು ಮೊದಲ ವರ್ಷದಲ್ಲಿ ಗುರುತಿಸುವುದು ಬಹಳ ಸುಲಭ. ನೆತ್ತಿಯಿಂದ ಜಡೆಯ ತುದಿಯವರೆಗೆ ಮಿರುಗುವ ಎಣ್ಣೆ, ಬಿಗಿಯಾಗಿ ಹೆಣೆದ ಎರಡು ಜಡೆ. 'ಎಣ್ಣೆ ತಲೆ' ಎಂಬ ಮಾತು ಯಾರ ಬಾಯಿಂದಲೋ ಹೊರಟು ಅವರ ಕಿವಿಗೆ ಬೀಳುವುದಕ್ಕೆ ಒಂದು ತಿಂಗಳೂ ಹಿಡಿಯುವುದಿಲ್ಲ. ದಸರೆಯ ರಜೆ ಮುಗಿಯುವಷ್ಟರಲ್ಲಿ ಜಡೆ ಬಿಚ್ಚಿಕೊಳ್ಳುತ್ತದೆ, ಎಣ್ಣೆ ಆರುತ್ತದೆ. ಒಂದೆರಡು ವರ್ಷ ಕಳೆಯುವಲ್ಲಿ ಅದೇ ಎಣ್ಣೆ ಚಿಕ್ಕದೊಂದು ಗಾಜಿನ ಸೀಸೆಯೊಳಗೆ, ಹನಿ ಹಾಕುವ ರಬ್ಬರಿನ ಮುಚ್ಚಳದೊಡನೆ, ಇಂಗ್ಲಿಷ್ ಹೆಸರು ಹೊತ್ತು ಮರಳಿ ಬರುತ್ತದೆ. ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ಗಾಣದಲ್ಲಿ ಕೊಬ್ಬರಿ ಕೊಟ್ಟು ಎಣ್ಣೆ ತಂದುಕೊಳ್ಳುವ ಮನೆಯಿಂದ ಬಂದವಳಿಗೆ ಈ ಸೀಸೆಯ ಬೆಲೆ ನೋಡಿದಾಗ ಅರ್ಥಶಾಸ್ತ್ರದ ಪಾಠ ಬೇರೆ ಬೇಕಾಗುವುದಿಲ್ಲ. ಅವಮಾನವೂ ನಮ್ಮ ಎಣ್ಣೆಗೇ, ಬೆಲೆಯೂ ನಮ್ಮ ಎಣ್ಣೆಗೇ; ನಡುವೆ ಬದಲಾದದ್ದು ಸೀಸೆ ಮಾತ್ರ.

ಇಷ್ಟಕ್ಕೂ ಎಣ್ಣೆ ಮಾಡುವ ಕೆಲಸವೇನು? ನಮ್ಮ ಕಣ್ಣಿಗೆ ಕಾಣುವ ಕೂದಲು ಸತ್ತ ವಸ್ತು. ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಜೀವವಿರುವುದು ಚರ್ಮದ ಕೆಳಗಿನ ಬುಡದಲ್ಲಿ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಮುಂಬಯಿಯ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಈ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿ ನೋಡಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಸವೆದುಹೋಗುವ ಪ್ರೋಟೀನನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಆದ್ದರಿಂದ ಅದು ಎಳೆಯ ಒಳಕ್ಕೆ ಇಳಿಯಬಲ್ಲದು, ಉಳಿದವು ಮೇಲೆಯೇ ನಿಲ್ಲುತ್ತವೆ ಎಂದು ಅವರ ವಿವರಣೆ. ಆ ಸಂಶೋಧಕರು ತೆಂಗಿನೆಣ್ಣೆ ಮಾರುವ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದವರೆಂಬುದನ್ನೂ ಹೇಳಿಬಿಡುವುದು ಒಳ್ಳೆಯದು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಓದುವಾಗ ಒಂದು ಹುಬ್ಬು ಮೇಲೇರಿಸಿಕೊಂಡು ಓದಿದರೆ ತಪ್ಪಿಲ್ಲ ಅಷ್ಟೆ.

(ಈ ತೆಂಗಿನೆಣ್ಣೆ ಅಡಿಗೆಗೋ ತಲೆಗೋ ಎಂಬ ಪ್ರಶ್ನೆ ನಮ್ಮಜ್ಜಿಯನ್ನು ಎಂದೂ ಕಾಡಲಿಲ್ಲ. ತೆರಿಗೆಯವರನ್ನು ಕಾಡಿತು. ವರ್ಷಗಟ್ಟಲೆ ಎಳೆದಾಡಿದ ಆ ವ್ಯಾಜ್ಯದಲ್ಲಿ, ಸೀಸೆ ಚಿಕ್ಕದಾದ ಮಾತ್ರಕ್ಕೆ ಶುದ್ಧ ತೆಂಗಿನೆಣ್ಣೆ ಕೇಶತೈಲವಾಗಿಬಿಡುವುದಿಲ್ಲವೆಂದು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.)

ಹಾಗಾದರೆ ಎಣ್ಣೆ ಇರುವ ಕೂದಲನ್ನು ಕಾಪಾಡುತ್ತದೆ. ಇಲ್ಲದ ಕೂದಲನ್ನು ಹುಟ್ಟಿಸುತ್ತದೆ ಎಂಬುದು ಬೇರೆಯೇ ಮಾತು. ಜಾಹೀರಾತುಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. 1945ರ ಔಷಧ ನಿಯಮಗಳಿಗೆ 'ಜೆ' ಎಂಬ ಒಂದು ಅನುಸೂಚಿಯಿದೆ; ಯಾವ ಔಷಧವೂ ವಾಸಿಮಾಡುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಅದು. ಬೋಳುತಲೆ, ಹೊಸ ಕೂದಲು ಬೆಳೆಸುವುದು, ಅಕಾಲ ನರೆ ಇವು ಮೂರೂ ಆ ಪಟ್ಟಿಯಲ್ಲಿವೆ. ಹೀಗಿದ್ದೂ ಮೊಬೈಲು ತೆರೆದರೆ ಮೊಣಕಾಲಿಗೆ ಇಳಿಯುವ ಕೂದಲು! ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆ ಕಾಯಿಸಿ ಊರೂರು ತಿರುಗಿ ಮಾರುವವರು. ಆ ವ್ಯಾಪಾರಕ್ಕೆಂದು ಆಫ್ರಿಕಕ್ಕೂ ಹೋಗುವ ಅವರಲ್ಲಿ ಕೆಲವರು 2023ರಲ್ಲಿ ಸೂಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವರ ಅನ್ನದ ಮೇಲೆ ನನಗೆ ಮತ್ಸರವಿಲ್ಲ. ನಾನು ಆಕ್ಷೇಪಿಸುವುದು, 'ಆದಿವಾಸಿ' ಎಂಬ ಪದವನ್ನೇ ಪ್ರಮಾಣಪತ್ರವೆಂದು ಭಾವಿಸಿ, ಒಳಗೇನಿದೆಯೆಂದು ನೋಡದೆ ಕೊಳ್ಳುವ ನಮ್ಮ ಓದಿದವರ ಬುದ್ಧಿಯನ್ನು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜ್ವರ ಬಂದು ಎರಡು ಮೂರು ತಿಂಗಳ ಮೇಲೆ, ಹೆರಿಗೆಯಾದ ಮೇಲೆ, ಊಟ ಬಿಟ್ಟು ಸಣ್ಣಗಾದ ಮೇಲೆ ಹಿಡಿಹಿಡಿಯಾಗಿ ಉದುರುವುದೂ ಉಂಟು. ಬಹುಮಟ್ಟಿಗೆ ಅದು ತಾನಾಗಿಯೇ ನಿಲ್ಲುತ್ತದೆ, ಯಶಸ್ಸು ಮಾತ್ರ ಆಗ ಹಚ್ಚುತ್ತಿದ್ದ ಎಣ್ಣೆಗೆ ಸಲ್ಲುತ್ತದೆ. ರಕ್ತಹೀನತೆಯ ಮಾತು ಹಾಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಮೆ. ಕಬ್ಬಿಣದ ಅಂಶ ಸಾಲದಾದಾಗ ಕೂದಲು ಸೊರಗಬಹುದೆಂದು ವೈದ್ಯರು ಹೇಳುತ್ತಾರೆ. ಬೆಳಗಿನ ತಿಂಡಿ ಬಿಟ್ಟು ಉಳಿಸಿದ ಹಣದಲ್ಲಿ ಎಣ್ಣೆ ಕೊಂಡ ಗೆಳತಿಯರನ್ನು ನಾನು ಬಲ್ಲೆ. ಇದು ನನ್ನನ್ನು ನೋಯಿಸಿದಷ್ಟು ಬೇರೆ ಯಾವುದೂ ನೋಯಿಸಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸವದು. ಹುರುಳಿ, ನುಗ್ಗೆಸೊಪ್ಪು, ಮೊಟ್ಟೆ ತಟ್ಟೆಗೆ ಬರಲಿ. ಸೀಸೆ ಆಮೇಲೆ.

ತಲೆಹೊಟ್ಟಿನ ವಿಷಯದಲ್ಲಂತೂ ತಿಳಿವಳಿಕೆ ಪೂರ್ತಿ ತಲೆಕೆಳಗಾಗಿದೆ. ಹೊಟ್ಟು ಉದುರುವುದನ್ನು ಕಂಡು, ತಲೆ ಒಣಗಿದೆ ಎಂದು ಬಗೆದು ಮತ್ತಷ್ಟು ಎಣ್ಣೆ ಸುರಿಯುವವರೇ ಹೆಚ್ಚು. ವಾಸ್ತವವಾಗಿ ಎಲ್ಲರ ನೆತ್ತಿಯ ಮೇಲೂ ಮಲಸೀಜಿಯ ಎಂಬ ಸೂಕ್ಷ್ಮ ಶಿಲೀಂಧ್ರವಿರುತ್ತದೆ. ಅದಕ್ಕೆ ಜಿಡ್ಡೇ ಆಹಾರ. ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸುವವರು ಆಲಿವ್ ಎಣ್ಣೆ ಹಾಕಿಯೇ ಬೆಳೆಸುತ್ತಾರೆಂದರೆ ಬೇರೆ ಹೇಳುವುದೇನಿದೆ? ಅದು ಜಿಡ್ಡನ್ನು ಒಡೆದು ಬಿಡುವ ಓಲಿಕ್ ಆಮ್ಲ ಕೆಲವರ ಚರ್ಮವನ್ನು ಕೆಣಕುತ್ತದೆ. ತುರಿಕೆ, ಹೊಟ್ಟು ಅದರ ಫಲ. ಹೊಟ್ಟಿರುವವರು ಎಣ್ಣೆಯನ್ನು ಬುಡಕ್ಕೆ ಬಿಟ್ಟು ಕೂದಲಿನ ಉದ್ದಕ್ಕೆ ಮಾತ್ರ ಸವರಿ, ಬೇಗ ತೊಳೆದುಕೊಳ್ಳುವುದು ಲೇಸು. ಕೀಟೋಕೊನಜೋಲ್ ಇರುವ ಶ್ಯಾಂಪೂ ಹಾಕಿ ಐದು ನಿಮಿಷ ಬಿಟ್ಟು ತೊಳೆಯುವುದು ಇದಕ್ಕೆ ವೈದ್ಯರು ಹೇಳುವ ಮದ್ದು. ಇನ್ನು ದುಂಡಗೆ ನಾಣ್ಯದಂತೆ ಕೂದಲು ಹೋದರೆ 'ಹುಳ ತಿಂದಿದೆ' ಎನ್ನುತ್ತಾರಲ್ಲ, ಅದಕ್ಕೆ ಯಾವ ಎಣ್ಣೆಯನ್ನೂ ತಿಕ್ಕದೆ ಚರ್ಮವೈದ್ಯರ ಬಳಿಗೆ ಹೋಗತಕ್ಕದ್ದು.

ಎಣ್ಣೆಗಳಲ್ಲಿ ಎರಡು ಜಾತಿ. ಬೀಜ, ಕಾಯಿಗಳನ್ನು ಹಿಂಡಿ ತೆಗೆದದ್ದು ಒಂದು: ತೆಂಗು, ಎಳ್ಳು, ಹುಚ್ಚೆಳ್ಳು, ಹರಳು. ಎಲೆ, ಹೂಗಳನ್ನು ಬಟ್ಟಿಯಿಳಿಸಿ ತೆಗೆದ ಸಾರ ಇನ್ನೊಂದು: ನೀಲಗಿರಿ, ರೋಸ್‌ಮರಿ, ಟೀ ಟ್ರೀ. ಎರಡಕ್ಕೂ ಎಣ್ಣೆಯೆಂದೇ ಹೆಸರಿರುವುದರಿಂದ ಅನರ್ಥವಾಗುತ್ತದೆ. ಮೊದಲನೆಯದನ್ನು ಅಂಗೈ ತುಂಬ ಸುರಿದುಕೊಳ್ಳಬಹುದು. ಎರಡನೆಯದನ್ನು ಹಾಗೆ ನೇರವಾಗಿ ಹಚ್ಚಿದರೆ ಚರ್ಮ ಉರಿದು ಗುಳ್ಳೆಯೇಳಬಹುದು. ಇವುಗಳಲ್ಲಿ ಗುಣವೇ ಇಲ್ಲವೆಂದಲ್ಲ. 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನೂರಕ್ಕೆ 5 ಭಾಗ ಟೀ ಟ್ರೀ ಎಣ್ಣೆಯಿದ್ದ ಶ್ಯಾಂಪೂ ಬಳಸಿದವರ ಹೊಟ್ಟು ನಾಲ್ಕು ವಾರದಲ್ಲಿ ನೂರಕ್ಕೆ 41ರಷ್ಟು ತಗ್ಗಿತು. ಬರಿಯ ಶ್ಯಾಂಪೂ ಹಾಕಿದವರಲ್ಲಿ 11ರಷ್ಟು. ಐದು ಭಾಗ ಎಂಬುದನ್ನು ಗಮನಿಸಬೇಕು, ಮತ್ತು ಅದು ತೊಳೆದುಹೋಗುವ ಶ್ಯಾಂಪೂ ಎಂಬುದನ್ನೂ. ರೋಸ್‌ಮರಿಯ ಕೀರ್ತಿಗೆ ಆಧಾರ 2015ರಲ್ಲಿ ಇರಾನಿನಿಂದ ಬಂದ ಒಂದು ಪರೀಕ್ಷೆ. ನೂರು ಜನರಲ್ಲಿ ಅರ್ಧದಷ್ಟು ಮಂದಿಗೆ ರೋಸ್‌ಮರಿ, ಅರ್ಧದಷ್ಟು ಮಂದಿಗೆ ನೂರಕ್ಕೆ 2 ಭಾಗದ ಮಿನಾಕ್ಸಿಡಿಲ್ ಎಂಬ ಔಷಧ. ಆರು ತಿಂಗಳಿಗೆ ಎರಡೂ ಸಮಸಮ. ಏನನ್ನೂ ಹಚ್ಚದ ಮೂರನೆಯ ಗುಂಪು ಮಾತ್ರ ಅಲ್ಲಿರಲಿಲ್ಲ. ಬಳಸಲೇಬೇಕೆನ್ನುವವರು ಒಂದು ಚಹಾ ಚಮಚೆ ತೆಂಗಿನೆಣ್ಣೆಗೆ ಒಂದೆರಡು ಹನಿ ಬೆರೆಸಿ, ಮೊದಲು ಮೊಣಕೈಯ ಒಳಮಗ್ಗುಲಿಗೆ ಸವರಿ ಎರಡು ದಿನ ಕಾಯಲಿ. ಕೆಂಪಾದರೆ ತಲೆಗೆ ಬೇಡ.

'ಸ್ವಾಭಾವಿಕವಾದದ್ದು, ಆದ್ದರಿಂದ ನಿರಪಾಯ' ಎಂಬ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ದತ್ತೂರಿಯೂ ಸ್ವಾಭಾವಿಕವೇ. ಅಕ್ಕನ ಬಾಣಂತನದಲ್ಲಿ ಕೂಸಿಗೆ ಶೀತವಾದಾಗ, ಎರೆಯಲು ಬರುತ್ತಿದ್ದ ಹೆಂಗಸು ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ನೆತ್ತಿಗೆ, ಎದೆಗೆ ತಿಕ್ಕಲು ಹೊರಟಳು. ಕರ್ಪೂರವೂ ನೀಲಗಿರಿ ಎಣ್ಣೆಯೂ ಎಳೆಯ ಮಕ್ಕಳಲ್ಲಿ ಫಿಟ್ಸ್ ತರಬಲ್ಲವೆಂದು ಓದಿದ್ದ ನಾನು ತಡೆದೆ. 'ನೀನು ಓದಿದ್ದು ನಿನಗೇ ಇರಲಿ ಕಣವ್ವ, ನಾನು ಎಷ್ಟು ಕೂಸು ಎರೆದಿಲ್ಲ' ಎಂದಳು. ಅಜ್ಜಿಯೂ ಅವಳ ಪಕ್ಷವೇ. ಕೊನೆಗೆ ಆಶಾ ಕಾರ್ಯಕರ್ತೆ ಬಂದು ಅದೇ ಮಾತು ಹೇಳಿದ ಮೇಲೆ ಬಟ್ಟಲು ಒಳಗೆ ಹೋಯಿತು. ಕೂಸಿನ ಮೂಗಿಗೆ ಎಣ್ಣೆ ಬಿಡುವುದೂ ಅಷ್ಟೇ ಅಪಾಯದ್ದು. ಅದು ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ಹರಳೆಣ್ಣೆ ತಣ್ಣನೆಯ ಎಣ್ಣೆಯೆಂದು ಹೆಸರಾದದ್ದು, ಆದರೆ ಅಂಟು ಬಹಳ. ಉದ್ದ ಕೂದಲಿನ ಇಪ್ಪತ್ತು ವರ್ಷದ ತರುಣಿಯೊಬ್ಬಳು ತೆಂಗಿನೆಣ್ಣೆಗೆ ಹರಳೆಣ್ಣೆ ಬೆರೆಸಿ ಹಚ್ಚಿ ತೊಳೆದಾಗ ಕೂದಲೆಲ್ಲ ಕಂಬಳಿಯಂತೆ ಗಂಟುಗಟ್ಟಿ, ಕತ್ತರಿಸದೆ ಗತಿಯಿಲ್ಲದಾಯಿತೆಂದು 2017ರಲ್ಲಿ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅಪರೂಪದ ಸಂಗತಿ, ನಿಜ.

ಇಷ್ಟೆಲ್ಲ ಹೇಳಿದ್ದರಿಂದ ನಾನು ಎಣ್ಣೆಯ ವೈರಿಯೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಹಬ್ಬದ ಅಭ್ಯಂಜನವೆಂದರೆ ಬರಿಯ ಎಣ್ಣೆಯಲ್ಲ, ಎಣ್ಣೆನೀರು. ಬೆಳಗಿನ ಜಾವ ಎಣ್ಣೆ ಒತ್ತಿ, ಗಂಟೆ ಕಳೆಯುವುದರೊಳಗೆ ಹಂಡೆಯ ಬಿಸಿನೀರು, ಸೀಗೆಪುಡಿಯಿಂದ ತಲೆಗೆ ಎರೆದು ಮುಗಿಸುತ್ತಿದ್ದರು. ಇಂಗ್ಲಿಷಿನ 'ಶ್ಯಾಂಪೂ' ಎಂಬ ಪದ ಕೂಡ ಒತ್ತು, ತಿಕ್ಕು ಎಂಬರ್ಥದ 'ಚಾಂಪೋ' ಎಂಬ ನಮ್ಮ ದೇಶದ ಮಾತೇ. ಪಟ್ನಾದ ಶೇಖ್ ದೀನ್ ಮಹಮ್ಮದ್ ಎಂಬಾತ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಅದನ್ನು ಪ್ರಸಿದ್ಧಿಗೆ ತಂದ. ಆ ಜೋಡಿಯಲ್ಲಿ ನಾವು ಎಣ್ಣೆಯನ್ನು ಉಳಿಸಿಕೊಂಡು ನೀರನ್ನು ಬಿಟ್ಟಿದ್ದೇವೆ. ಭಾನುವಾರ ಹಚ್ಚಿದ ಎಣ್ಣೆ ಗುರುವಾರದವರೆಗೂ ಧೂಳು, ಬೆವರು ಕೂಡಿಸಿಕೊಂಡು ತಲೆಯ ಮೇಲಿರುತ್ತದೆ, ಹಣೆಯ ಮೇಲೆ ಮೊಡವೆಯಾಗಿ ಇಳಿಯುತ್ತದೆ.

ಇದು ಸೋಮಾರಿತನವೆಂದು ಬೈಯುವವರು ನಾವಿರುವ ವಸತಿನಿಲಯವನ್ನೊಮ್ಮೆ ನೋಡಬೇಕು. ಐವತ್ತು ಜನಕ್ಕೆ ನಾಲ್ಕು ಬಚ್ಚಲುಮನೆ. ಸೌರಯಂತ್ರದ ಬಿಸಿನೀರು ಬೆಳಗ್ಗೆ ಐದರಿಂದ ಆರರವರೆಗೆ, ಅದೂ ಹಿಂದಿನ ದಿನ ಬಿಸಿಲು ಕಾದಿದ್ದರೆ. ಉದ್ದ ಕೂದಲಿನ ಜಿಡ್ಡು ಹೋಗುವಂತೆ ತೊಳೆಯಲು ಒಬ್ಬಳಿಗೆ ಎರಡು ಬಕೆಟ್ ನೀರಾದರೂ ಬೇಕು, ಸಿಗುವುದು ಒಂದು. ಭಾನುವಾರ ಒಂದು ದಿನ, ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ, ಸೌದೆಯ ಒಲೆಯಿಂದಲಾದರೂ ಬಿಸಿನೀರು ಒದಗಿಸಬೇಕೆಂದು ನಾವು ಮೂವತ್ತೆಂಟು ಜನ ಸಹಿಹಾಕಿದ ಮನವಿಯೊಂದನ್ನು ಸಂಬಂಧಪಟ್ಟವರಿಗೆ ಜನವರಿಯಲ್ಲಿ ಕೊಟ್ಟಿದ್ದೇವೆ. ಅಧ್ಯಾಪಕರಲ್ಲಿ ಯಾರಾದರೂ ಅದಕ್ಕೆ ತಮ್ಮ ಒಂದು ಮಾತನ್ನೂ ಸೇರಿಸಿದರೆ, ಮುಂದಿನ ವರ್ಷ ಬರುವ ಹುಡುಗಿಯರಿಗೆ ಉಪಕಾರವಾದೀತು. ನಾನು ಅಷ್ಟರಲ್ಲಿ ಊರಿಗೆ ಹೋಗಿರುತ್ತೇನೆ. ಅಲ್ಲಿ ಹಂಡೆಯಿದೆ.