ಮುಖ ತಿರುಗಿಸಬೇಡಿ

ನಾಲ್ಕನೆಯ ವಯಸ್ಸಿನಲ್ಲಿ ಸೀಸಿ ಬೆಲ್ ಎಂಬ ಅಮೆರಿಕದ ಹುಡುಗಿಗೆ ಮೆನಿಂಜೈಟಿಸ್ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ವರ್ಜೀನಿಯಾದ ಸೇಲಂ ಊರಿನ ಶಾಲೆಗೆ ಅವಳು ಎದೆಯ ಮೇಲೆ ಫೋನಿಕ್ ಇಯರ್ ಎಂಬ ದೊಡ್ಡ ಯಂತ್ರ ಕಟ್ಟಿಕೊಂಡು, ತಂತಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದಳು. ಟೀಚರ ಕೊರಳಿನ ಮೈಕಿನಿಂದ ಅವರ ದನಿ ಅವಳಿಗೆ ತಲುಪುತ್ತಿತ್ತು. ಪಕ್ಕದಲ್ಲೇ ಕೂತ ಗೆಳತಿಯ ಪಿಸುಮಾತು ತಲುಪುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ, 2014ರಲ್ಲಿ, ಸೀಸಿ ಆ ಬಾಲ್ಯವನ್ನು ತಾವೇ ಬರೆದು, ತಾವೇ ಚಿತ್ರ ಬಿಡಿಸಿ 'ಎಲ್ ಡೆಫೋ' ಎಂಬ ಚಿತ್ರಕಥೆಯ ಪುಸ್ತಕ ಮಾಡಿದರು. ಮರುವರ್ಷ ಅದಕ್ಕೆ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಗೌರವ ಸಿಕ್ಕಿತು. ಅದರಲ್ಲಿ ಎಲ್ಲರೂ ಮೊಲಗಳೇ. ಉದ್ದುದ್ದ ಕಿವಿಯ ಆ ಹಿಂಡಿನ ನಡುವೆ ಕಿವಿ ಕೇಳದ ಒಂದು ಪುಟ್ಟ ಮೊಲ. ಪುಸ್ತಕ ಸಿಕ್ಕರೆ ದಯವಿಟ್ಟು ಮಾತಿನ ಗುಳ್ಳೆಗಳನ್ನು ನೋಡಿ. ಯಂತ್ರದ ಬ್ಯಾಟರಿ ಇಳಿದಂತೆಲ್ಲ ಅಕ್ಷರಗಳು ಮಸುಕಾಗುತ್ತವೆ, ಮತ್ತೂ ಮಸುಕಾಗುತ್ತವೆ, ಕೊನೆಗೆ ಬಾಯಿ ಆಡುತ್ತಲೇ ಇರುತ್ತದೆ, ಗುಳ್ಳೆ ಖಾಲಿ. ಆ ಖಾಲಿ ಗುಳ್ಳೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಪುಸ್ತಕದ ಇನ್ನೊಂದು ಕಡೆ, ಅವಳು ಗೆಳತಿಯರ ಜೊತೆ ಮಲಗಲು ಹೋದ ರಾತ್ರಿ ದೀಪ ಆರುತ್ತದೆ. ತುಟಿ ಕಾಣದು. ಕತ್ತಲಲ್ಲಿ ಎಲ್ಲರೂ ಹರಟುತ್ತಿದ್ದಾರೆ, ಅವಳೊಬ್ಬಳೇ ಹೊರಗೆ. ದೀಪ ಹಚ್ಚಿಡುವುದು ಎಷ್ಟು ಸಣ್ಣ ಕೆಲಸ! ಯಾರಿಗೂ ಹೊಳೆಯಲಿಲ್ಲ.

ಓದುತ್ತಿರುವ ನಿಮಗೆ ಇಂಥ ಸಣ್ಣ ಕೆಲಸ ಹೊಳೆಯದೆ ಇರುವುದಿಲ್ಲ. ನೀವು ಕೆಟ್ಟವರಲ್ಲ, ಕಿವಿ ಕೇಳದ ಮಗುವನ್ನು ಕಂಡರೆ ನಿಮ್ಮ ಕರುಳು ಚುರ್ ಎನ್ನುತ್ತದೆ. ಆದರೂ ಆ ಮಗು ಒಮ್ಮೆ "ಏನು?" ಎಂದಾಗ ಹೇಳುತ್ತೀರಿ, ಎರಡನೆಯ ಸಲ ಕೂಗಿ ಹೇಳುತ್ತೀರಿ, ಮೂರನೆಯ ಸಲ "ಏನಿಲ್ಲ ಬಿಡು" ಎಂದು ಮುಖ ತಿರುಗಿಸುತ್ತೀರಿ. ಏನಿಲ್ಲ ಬಿಡು: ಊಟದ ಪಂಕ್ತಿಯಲ್ಲಿ, ಮದುವೆ ಮನೆಯಲ್ಲಿ, ಅಜ್ಜಿ ಕತೆ ಹೇಳುವ ಜಗಲಿಯಲ್ಲಿ ದಿನವೂ ಈ ಮಾತು ನುಂಗಿ ನುಂಗಿ ಆ ಮಗು ಒಂದು ದಿನ ಕೇಳುವುದನ್ನೇ ಬಿಡುತ್ತದೆ, ಎಲ್ಲರೂ ನಕ್ಕಾಗ ತಾನೂ ನಗುವುದನ್ನು ಕಲಿಯುತ್ತದೆ. ಆ ಸುಳ್ಳು ನಗು ನೋಡಿದ್ದೀರಾ? ನೋಡಿದ್ದೀರಿ.

'ಡೆಫೋ' ಎಂಬುದು ಟೀವಿಯಲ್ಲಿ ಒಂದು ಕಿವುಡು ಮಗುವನ್ನು ಹಂಗಿಸಿದ ಪದ. ಸೀಸಿ ಅದನ್ನೇ ಎತ್ತಿಕೊಂಡು ತನ್ನೊಳಗಿನ ಸೂಪರ್‌ಹೀರೋಗೆ ಹೆಸರಿಟ್ಟಳು. ನಮ್ಮ ಬೀದಿಗಳಲ್ಲಿ "ಕೆಪ್ಪ" ಎಂದು ಕೂಗಿಸಿಕೊಳ್ಳುವ ಎಲ್ಲ ಮಕ್ಕಳಿಗೂ ಆ ಬಲ ಇರುವುದಿಲ್ಲ.

ಮುಖ ತಿರುಗಿಸಬೇಡಿ. ಕೂಗಬೇಡಿ, ಒಂದೊಂದೇ ಅಕ್ಷರ ಎಳೆಯಬೇಡಿ. ಎಳೆದರೆ ತುಟಿಯ ಆಕಾರವೇ ಕೆಡುತ್ತದೆ. ಬೆಳಕಿಗೆ ಬನ್ನಿ, ಎದುರು ಕೂತುಕೊಳ್ಳಿ. ಮಗು ಕೈಯಲ್ಲಿ ಮಾತಾಡುತ್ತಿದ್ದರೆ ನಾಲ್ಕು ಸನ್ನೆಗಳನ್ನಾದರೂ ಕಲಿಯಿರಿ.

ಮುಂದಿನ ಸಲ ಮನೆಯವರೆಲ್ಲ ಘೊಳ್ಳೆಂದು ನಕ್ಕಾಗ ಆ ಮಗು ನಿಮ್ಮತ್ತ ನೋಡುತ್ತದೆ. ಯಾಕೆ ನಕ್ಕಿರೆಂದು ಅದಕ್ಕೆ ಹೇಳಿ.