ನೀರು ಮರಳಿತು, ನೆಮ್ಮದಿ ಮರಳಲಿಲ್ಲ

ರಾಷ್ಟ್ರರಕ್ಷಣೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಡಿ, ಸೈನ್ಯ, ಶಸ್ತ್ರಾಸ್ತ್ರಗಳು. ನೆಲ-ಜಲಗಳ ಚಿಂತೆ ಪರಿಸರ ತಜ್ಞರದೆಂದೂ ಬಡತನದ ಚಿಂತೆ ಅರ್ಥಶಾಸ್ತ್ರಜ್ಞರದೆಂದೂ ಬೇರ್ಪಡಿಸಿ ನೋಡುವುದು ರೂಢಿ. ವಾಸ್ತವವಾಗಿ ಈ ಮೂರೂ ಒಂದೇ ಹಗ್ಗದ ಎಳೆಗಳು. ಆಫ್ರಿಕಾ ಖಂಡದ ಚಾಡ್ ಸರೋವರದ ಇತಿಹಾಸವು ಇದನ್ನು ಮನದಟ್ಟು ಮಾಡಿಕೊಡುತ್ತದೆ.

ಸಹರಾ ಮರುಭೂಮಿಯ ದಕ್ಷಿಣದಂಚಿನಲ್ಲಿರುವ ಈ ಸಿಹಿನೀರಿನ ಸರೋವರವನ್ನು ನೈಜೀರಿಯ, ನೈಜರ್, ಚಾಡ್, ಕ್ಯಾಮರೂನ್ ಎಂಬ ನಾಲ್ಕು ರಾಷ್ಟ್ರಗಳು ಹಂಚಿಕೊಂಡಿವೆ. ಇದಕ್ಕೆ ನೀರುಣಿಸುವವು ಮುಖ್ಯವಾಗಿ ಶಾರಿ ನದಿ ಮತ್ತು ಅದರ ಉಪನದಿಯಾದ ಲೋಗೋನ್. 1960ರ ದಶಕದ ಆರಂಭದಲ್ಲಿ ಇದರ ವಿಸ್ತಾರ ಸುಮಾರು 25,000 ಚದರ ಕಿಲೋಮೀಟರ್. 1970 ಮತ್ತು 1980ರ ದಶಕಗಳಲ್ಲಿ ಭೀಕರ ಬರಗಾಲಗಳು ಎರಗಿದವು. ನೀರಾವರಿಗಾಗಿ ನದಿನೀರಿನ ಬಳಕೆಯೂ ಬೆಳೆಯಿತು. ಸರೋವರ ಹೆಚ್ಚು ಆಳವಿಲ್ಲದ್ದರಿಂದ ನೀರು ಬಹುಬೇಗ ಹಿಂಜರಿಯಿತು. 1980ರ ದಶಕದ ಮಧ್ಯಭಾಗದಲ್ಲಿ ಉಳಿದ ತೆರೆದ ನೀರಿನ ಹರವು ಮೊದಲಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ.

ನೀರು ಸರಿದಂತೆ ಬದುಕೂ ಸರಿಯಿತು. ಮೀನುಗಾರರು ಬಲೆ ಹೊತ್ತು ದೂರ ದೂರ ನಡೆದರು. ಬಯಲಾದ ತೇವದ ನೆಲದಲ್ಲಿ ರೈತರು ಬಿತ್ತನೆ ಮಾಡಿದರು. ಅದೇ ನೆಲದ ಹುಲ್ಲು ದನಗಾಹಿಗಳಿಗೂ ಬೇಕಾಗಿತ್ತು. ಇಂಥ ಬಡತನದ ನಡುವೆ 2009ರಲ್ಲಿ ನೈಜೀರಿಯದ ಮೈದುಗುರಿ ನಗರದಲ್ಲಿ ಬೊಕೊ ಹರಾಮ್ ಎಂಬ ಉಗ್ರ ಸಂಘಟನೆ ದಂಗೆಯೆದ್ದಿತು. ಮುಂದೆ ಆ ಹಿಂಸೆ ನಾಲ್ಕೂ ದೇಶಗಳಿಗೆ ಹಬ್ಬಿ, 20 ಲಕ್ಷಕ್ಕೂ ಮಿಕ್ಕ ಜನ ಮನೆಮಾರು ತೊರೆಯಬೇಕಾಯಿತು.

ಬರಗಾಲವೇ ಬಂದೂಕನ್ನು ಹೆತ್ತಿತೆಂದು ಹೇಳುವುದು ಅವಸರದ ತೀರ್ಮಾನವಾದೀತು. ಬಡವರೆಲ್ಲರೂ ಆಯುಧ ಹಿಡಿಯುವುದಿಲ್ಲ. ಆಫ್ರಿಕಾದ ಉಗ್ರ ಸಂಘಟನೆಗಳನ್ನು ಸೇರಿದ್ದವರನ್ನು ಕುರಿತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2017ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಸೇರುವ ವೇಳೆ ತಮಗಿದ್ದ ತುರ್ತು ಅಗತ್ಯವೆಂದು ಅವರು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಹೆಸರಿಸಿದ್ದು ಉದ್ಯೋಗವನ್ನು. ಆದರೆ ಅಂತಿಮ ಹೆಜ್ಜೆಯಿಡಲು ಸರ್ಕಾರದ ಕ್ರಮವೇ, ಎಂದರೆ ಬಂಧುಮಿತ್ರರ ಹತ್ಯೆ ಅಥವಾ ಬಂಧನದಂಥ ಘಟನೆಯೇ ಪ್ರೇರಣೆಯಾಯಿತೆಂದವರು ಶೇಕಡಾ 71. ಹಸಿವು ಹದಮಾಡಿದ ನೆಲದಲ್ಲಿ ಅನ್ಯಾಯ ಬೀಜವಾಯಿತು.

ಇದಕ್ಕಿಂತ ವಿಷಾದದ ಸಂಗತಿ ಮತ್ತೊಂದಿದೆ. 1990ರ ದಶಕದಿಂದೀಚೆಗೆ ಮಳೆ ಸುಧಾರಿಸಿ ಸರೋವರಕ್ಕೆ ಒಂದಿಷ್ಟು ನೀರು ಮರಳಿತ್ತು. ಆದರೆ 2015ರಲ್ಲಿ ನೈಜರ್ ದೇಶದ ದಿಫಾ ಪ್ರಾಂತದಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ದ್ವೀಪಗಳ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಉಗ್ರರಿಗೆ ಹಣ ಸೇರಬಾರದೆಂದು ಮೀನು ಮತ್ತು ಕೆಂಪು ಮೆಣಸಿನಕಾಯಿಯ ವ್ಯಾಪಾರವನ್ನು ನಿಷೇಧಿಸಲಾಯಿತು. ಉದ್ದೇಶ ಅರ್ಥವಾಗುವಂಥದೇ. ಆದರೆ ಆ ಪ್ರಾಂತದ ಬಹಳಷ್ಟು ಜನರಿಗೆ ಅನ್ನ ನೀಡುತ್ತಿದ್ದವು ಆ ಕಸುಬುಗಳೇ. ಒಮ್ಮೆ ಬರ ಕಸಿದ ಸರೋವರವನ್ನು ಮತ್ತೊಮ್ಮೆ ಯುದ್ಧ ಕಸಿಯಿತು.

ನೀರಿನ ನ್ಯಾಯಯುತ ಬಳಕೆಗೆಂದು ಈ ನಾಲ್ಕು ರಾಷ್ಟ್ರಗಳು 1964ರಲ್ಲಿ ಚಾಡ್ ಸರೋವರ ಜಲಾನಯನ ಆಯೋಗವನ್ನು ಸ್ಥಾಪಿಸಿದ್ದವು. ಅದೇ ಆಯೋಗ ಉಗ್ರರ ವಿರುದ್ಧ ಜಂಟಿ ಸೇನಾಪಡೆಯ ಹೊಣೆಯನ್ನೂ ಹೊರಬೇಕಾಗಿ ಬಂದುದು ಕಾಲದ ವಿಪರ್ಯಾಸ. 2017ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೂ ತನ್ನ 2349ನೆಯ ನಿರ್ಣಯದಲ್ಲಿ, ಹವಾಮಾನ ವೈಪರೀತ್ಯವು ಆ ಪ್ರದೇಶದ ಸ್ಥಿರತೆಯನ್ನು ಕದಡುತ್ತಿರುವ ಕಾರಣಗಳಲ್ಲೊಂದೆಂದು ಒಪ್ಪಿಕೊಂಡಿತು.

ಸೈನ್ಯ ಬೇಡವೆಂದು ಯಾರೂ ಹೇಳಲಾರರು. ಸೈನ್ಯವು ಊರನ್ನು ಕಾಯಬಲ್ಲದು. ಊರಿನ ಒಲೆಯನ್ನು ಹೊತ್ತಿಸಲಾರದು. ಮೀನುಗಾರನಿಗೆ ನೀರಿನ ದಾರಿ, ದನಗಾಹಿಗೆ ಹುಲ್ಲಿನ ದಾರಿ, ರೈತನಿಗೆ ಸಂತೆಯ ದಾರಿ ತೆರೆಯುವವರೆಗೆ ಗೆದ್ದ ಯುದ್ಧವೂ ಮುಗಿದಂತಲ್ಲ. ದೂರದೇಶದ ಕದನವಾರ್ತೆಯನ್ನು ಓದುವಾಗ, ಅಲ್ಲಿ ಬಿದ್ದವರೆಷ್ಟು ಎಂಬುದರೊಡನೆ, ಅಲ್ಲಿಯ ಜನರ ನೀರು ಮತ್ತು ಕಾಯಕಗಳಿಗೆ ಏನಾಯಿತು ಎಂಬುದನ್ನೂ ಕೇಳುವ ವಿವೇಕವನ್ನು ನಾವು ಬೆಳೆಸಿಕೊಳ್ಳಬೇಕು. ಮನೆಯ ಮಕ್ಕಳಿಗೂ ಕಲಿಸಬೇಕು.